ಬಿಳಿ ಸುಣ್ಣದ ಗುರುತು

೧೪ ಜನವರಿ ೧೯೪೦, ಭಾನುವಾರ. ಬ್ಲಫ್, ಶಿವನಸಮುದ್ರ.

ಸಂಕ್ರಾಂತಿ. ನನಗೆ ರಜೆ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬಂಗಲೆಯ ಅಡುಗೆಮನೆಯಲ್ಲಿ ಏಳನೆಯ ಬಾಟಲಿ. ಕ್ಲಾರೆಟ್ — ಫ್ರಾನ್ಸಿನ ಕೆಂಪು ವೈನು. ಎರಡು ಚಮಚೆ ಬಾಯಲ್ಲಿ ಆಡಿಸಿ ಹಿತ್ತಾಳೆಯ ಪೀಕದಾನಿಗೆ ಉಗುಳಿದೆ. ನುಂಗಲಿಲ್ಲ. ಇದುವರೆಗೆ ಒಂದು ಹನಿಯನ್ನೂ ನುಂಗಿಲ್ಲ.

ಡಾಲ್ಟನ್ ದೊರೆ ಕೆಲಸದಿಂದ ನಿವೃತ್ತರಾದವರು. ಊರಿಗೆ ಹೋಗದೆ ಇಲ್ಲೇ ಬಂಗಲೆ ಬಾಡಿಗೆಗೆ ಹಿಡಿದಿದ್ದಾರೆ. ಈ ದೇಶದ ಊಟಕ್ಕೆ ಯಾವ ವೈನು ಹೊಂದುತ್ತದೆಂದು ಪುಸ್ತಕ ಬರೆಯುವ ಆಸೆ. ಆದರೆ ಮೂರು ವರ್ಷದ ಹಿಂದೆ ಜ್ವರ ಬಂದು ಮೂಗು ಸತ್ತಿದೆ. ಮೂಗಿಲ್ಲದಿದ್ದರೆ ನಾಲಿಗೆಯೂ ಇಲ್ಲ. ಹಾಗಾಗಿ ಮೂಗು ಬಟ್ಲರ್ ಫಕ್ರುದ್ದೀನ್ ಸಾಬರದು, ನಾಲಿಗೆ ನನ್ನದು. ಸಾಬರು ವೈನು ಬಾಯಿಗೆ ಇಡುವುದಿಲ್ಲ. ನಾನು ಲಿಂಗ ಕಟ್ಟಿದವನು, ಮಾಂಸ ಮುಟ್ಟುವುದಿಲ್ಲ. ಅವರು ಹುರಿದ ಕುರಿಮಾಂಸ ತಿಂದು ಹೇಳುತ್ತಾರೆ, ನಾನು ವೈನು ಉಗುಳಿ ಹೇಳುತ್ತೇನೆ. ಎರಡೂ ಕೂಡಿಸಿ ಟೈಪ್ ಮಾಡುವುದು ರೈಟರ್ ಆದ ನನ್ನ ಕೆಲಸ.

ಇವತ್ತು ಸಾಬರು ಗ್ಲಾಸಿನಲ್ಲಿ ಮೂಗಿಟ್ಟು ಬಹಳ ಹೊತ್ತು ಕೂತರು.

"ನೇರಳೆ ಹಣ್ಣು ರೈಟ್ರೇ. ಒಣಗಿದ್ದು. ಅದರ ಹಿಂದೆ... ಹೊಸ ಮೆಟ್ಟು ಮಾರೋ ಅಂಗಡಿ."

"ನನಗೆ ಒಗರು. ಬಾಳೆಕಾಯಿ ಹಸಿಯಾಗಿ ಕಚ್ಚಿದ ಹಾಗೆ."

"ಅಲ್ಲೇ ಇರೋದು. ಈ ಚರ್ಬಿ ಒಂದು ತುಂಡು ಬಾಯಿಗೆ ಹಾಕ್ಕೊಳ್ಳಿ, ಒಗರು ಓಡೋಗತ್ತೆ."

"ನೀವು ಒಂದು ಗುಟುಕು ಕುಡಿಯಿರಿ, ನಾನು ತುಂಡು ಹಾಕಿಕೊಳ್ಳುತ್ತೇನೆ."

"ತೋಬಾ!" ಎಂದು ನಕ್ಕರು.

ಕೊನೆಗೆ ನಾನು ಬೆಣ್ಣೆ ತಿಂದು ಕ್ಲಾರೆಟ್ ಬಾಯಿಗೆ ಹಾಕಿದೆ. ಒಗರು ನಿಜವಾಗಿಯೂ ಇಳಿಯಿತು. ಬರೆದುಕೊಂಡೆ.

ಈ ಕೆಲಸಕ್ಕೆ ಯಾಕೆ ಒಪ್ಪಿದೆ? ನಾನು ಓದುವುದೆಲ್ಲ ಅನುವಾದಗಳು, ರಷ್ಯದವು, ಫ್ರಾನ್ಸಿನವು. ಹತ್ತು ಪುಟಕ್ಕೊಮ್ಮೆ ಯಾರಾದರೂ ಇವನ್ನು ಕುಡಿಯುತ್ತಾರೆ. ಅದೇನೆಂದು ತಿಳಿಯಬೇಕಿತ್ತು. ಅಷ್ಟೇ.

೧೮ ಜನವರಿ

ಷೆರಿ. ಬ್ರಾಂದಿ ಬೆರೆಸಿ ಗಟ್ಟಿ ಮಾಡಿದ ವೈನು. ಸಿಹಿಯಿಲ್ಲದ ಬಗೆ. ಕಾವಲಿನ ಚೌಡಯ್ಯ ಮದ್ದೂರಿನಿಂದ ವಡೆ ತಂದಿದ್ದ. ಅದರ ಜೊತೆಗೆ ನೋಡಿದೆ. ಈರುಳ್ಳಿ, ಎಣ್ಣೆ, ಗರಿಗರಿ — ಮೂರಕ್ಕೂ ಹೊಂದಿತು. ಇದು ಇಬ್ಬರಿಗೂ ತಿನ್ನಲು ಬರುವ ಪದಾರ್ಥ. ಸಾಬರಿಗೆ ಖುಷಿ. ನಾಲ್ಕು ತಿಂದರು.

ಚೌಡಯ್ಯ ಬಾಗಿಲಲ್ಲಿ ನಿಂತು, "ಉಗುಳಾಕೆ ಯಾಕ್ ಬುದ್ದಿ ಇಷ್ಟು ದುಬಾರಿ ನೀರು? ನಂಗಾದ್ರೂ ಕೊಡ್ಬಾರ್ದಾ?" ಎಂದ.

ಮಳವಳ್ಳಿಯ ಮನೆಗೆ ಹೋದಾಗ ಮಂಗಳಮ್ಮ ಮುಖ ಕಿವುಚಿದಳು. "ಏನ್ರೀ ಇದು, ಬಾಯೆಲ್ಲ ಔಸ್ದಿ ವಾಸ್ನೆ." ಟಾನಿಕ್ ಎಂದೆ. ಹೆಂಡತಿಗೆ ಹೇಳಿದ ಮೊದಲ ಸುಳ್ಳಲ್ಲ. ಆದರೆ ಬರೆದಿಡುವಂಥದ್ದು.

೩ ಮಾರ್ಚ್

ಹುಳಿಸಾರು, ಕ್ಲಾರೆಟ್. ಆಗುವುದಿಲ್ಲ. ಹುಣಿಸೆಹುಳಿ ವೈನನ್ನು ತಗಡು ಮಾಡಿಬಿಡುತ್ತದೆ. ಮೆಣಸಿನಕಾಯಿ ಸೇರಿದರೆ ಬೆಂಕಿ. ಮದೀರಾ ಎಂಬ ಇನ್ನೊಂದು ಬ್ರಾಂದಿ ಬೆರೆಸಿದ ವೈನಿಗೆ ಕಾಯಿ ಒಬ್ಬಟ್ಟು — ಇದು ಚೆನ್ನ. ಸಾಬರ ಮೂಗಿಗೆ "ಬೆಲ್ಲದ ಗುಡಾಣ, ತಳದಲ್ಲಿ ಸ್ವಲ್ಪ ಸೀದದ್ದು." ದೊರೆ ಈ ಮಾತನ್ನು ಎರಡು ಸಲ ಕೇಳಿ ಹಾಗೆಯೇ ಟೈಪ್ ಮಾಡಿಸಿದರು. ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ನಾವು ಹೇಳುವುದೇ ಅವರ ಊಟ.

ತರಿಸಿದ ಹೊಸ ಕಾದಂಬರಿಯಲ್ಲಿ ಅನುವಾದಕ ನಾಯಕಿಗೆ ಇಲ್ಲದ ಕಣ್ಣೀರು ಸೇರಿಸಿದ್ದಾನೆ. ಇಂಗ್ಲಿಷ್ ಪ್ರತಿ ಜೊತೆಗಿಟ್ಟು ನೋಡಿದೆ. ಅಲ್ಲಿ ಅವಳು ಬಾಗಿಲು ಮುಚ್ಚುತ್ತಾಳೆ, ಅಷ್ಟೇ. ಒಂದು ಸಾಲು ಬಿಟ್ಟರೆ ಕ್ಷಮಿಸಬಹುದು. ಸೇರಿಸಿದರೆ ಇಲ್ಲ. ಪುಸ್ತಕ ವಾಪಸು ಕಳಿಸಿದೆ.

೧೬ ಜೂನ್

ಯುದ್ಧ. ಇನ್ನು ಬಾಟಲಿಗಳು ಬರುವುದಿಲ್ಲವೆಂದು ಮದರಾಸಿನ ವ್ಯಾಪಾರಿ ಬರೆದಿದ್ದಾನೆ.

ದೊರೆ ಇವತ್ತು ಕಚೇರಿ ಕೋಣೆಯ ಬೀರು ತೆಗೆದು ತೋರಿಸಿದರು. ಕೆಳಗಿನ ಅಂಕಣದಲ್ಲಿ ಒಂದೇ ಬಾಟಲಿ, ಮಲಗಿಸಿದೆ. ಪೋರ್ಟ್. ವರ್ಷಗಟ್ಟಲೆ ಇಟ್ಟು ಕುಡಿಯುವ ಸಿಹಿ ವೈನು, ಮಗ ಹುಟ್ಟಿದಾಗ ಕೊಂಡದ್ದು. ಅಕ್ಟೋಬರ್ ಹದಿಮೂರಕ್ಕೆ ಅವನಿಗೆ ಇಪ್ಪತ್ತೊಂದು. ಬೆಂಗಳೂರು ದಂಡಿನಲ್ಲಿದ್ದಾನೆ. ಅವತ್ತು ಬರುತ್ತಾನೆ. ಅವತ್ತು ತೆಗೆಯುವುದು. ಬೀರುವಿನ ಬೀಗದ ಕೈ ಒಂದು ನನಗೆ, ಒಂದು ಅಡುಗೆಮನೆಯ ಗೂಟಕ್ಕೆ.

ಬಾಟಲಿಗೆ ಚೀಟಿಯಿಲ್ಲ. ಪಕ್ಕದಲ್ಲಿ ಬಿಳಿ ಸುಣ್ಣ ಸಿಡಿದ ಹಾಗೆ ಒಂದು ಕಲೆ.

ಹೊರಗೆ ಬಂದ ಮೇಲೆ ಸಾಬರು ಹೇಳಿದರು: "ಅದನ್ನ ಮುಟ್ಟೋಕೆ ಹೋಗ್ಬೇಡಿ ರೈಟ್ರೇ. ದೊರೆ ಹುಕುಂ ಆಗ್ಬೇಕು."

"ಯಾಕೆ?"

"ಗೊತ್ತಿಲ್ಲ. ನಾನು ಬಂದು ಹದಿನಾರು ವರ್ಷ, ಅದು ಮಲಗೇ ಇದೆ. ಎದ್ದು ಕೂತದ್ದು ನೋಡಿಲ್ಲ."

೧೦ ಅಕ್ಟೋಬರ್ ೧೯೪೦, ಗುರುವಾರ. ಆಯುಧಪೂಜೆ.

ದೊರೆ ಮೈಸೂರಿಗೆ, ದಸರಾ ದರ್ಬಾರಿಗೆ. ಸಾಬರು ರಂಜಾನ್ ಎಂದು ನಾಲ್ಕು ದಿನದಿಂದ ಮಳವಳ್ಳಿಯಲ್ಲಿ, ಹೆಂಡತಿ ಕುಲ್ಸುಮ್ ಬೀಬಿಯವರ ಹತ್ತಿರ. ಬಂಗಲೆಯಲ್ಲಿ ನಾನು, ಚೌಡಯ್ಯ.

ಪವರ್ ಹೌಸಿನಲ್ಲಿ ಯಂತ್ರಗಳಿಗೆಲ್ಲ ಹೂವು. ನಾವೂ ಮಾಡಿದೆವು. ಟೈಪ್‌ರೈಟರ್, ಬಿರಡೆ ತೆಗೆಯುವ ತಿರುಪು, ಬೆಳ್ಳಿಯ ಆಲಿಕೆ, ಗ್ಲಾಸುಗಳು. ಒಂಬತ್ತು ತಿಂಗಳು ಅನ್ನ ಕೊಟ್ಟ ಆಯುಧಗಳು. ಆಮೇಲೆ ಬಾಟಲಿಗಳೂ ಆಯುಧಗಳೇ ಎನ್ನಿಸಿತು. ಬೀರು ತೆಗೆದೆ. ಪೋರ್ಟ್ ಬಾಟಲಿಯ ಮೇಲೆ ಆ ಸುಣ್ಣದ ಕಲೆ, ಧೂಳು, ಜೇಡ. ಗೋಡೆಗೆ ಸುಣ್ಣ ಹೊಡೆದಾಗ ಸಿಡಿದಿರಬೇಕು. ಇಷ್ಟು ಬೆಲೆಬಾಳುವುದು ಇಷ್ಟು ಕೊಳಕಾಗಿ ಮಗನ ಕಣ್ಣಿಗೆ ಬೀಳಬೇಕೆ? ಹುಣಿಸೆಹಣ್ಣು, ಬೂದಿ ಹಾಕಿ ನಾನೇ ಉಜ್ಜಿದೆ. ಕಲೆ ಬಿಡಲು ಕಾಲು ಗಂಟೆ ಹಿಡಿಯಿತು. ಮೆಟ್ಟಿಲ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿದೆವು. ವಿಭೂತಿ, ಕುಂಕುಮ, ಚೆಂಡುಹೂವು. ಚೌಡಯ್ಯ ಕುಂಬಳಕಾಯಿ ಒಡೆದ. ಬಾಟಲಿಗಳು ಫಳಫಳ.

ಸಂಜೆ ಒರೆಸಿ ಒಳಗಿಟ್ಟೆ. ಪೋರ್ಟನ್ನು ಮಲಗಿಸಿಯೇ ಇಟ್ಟೆ.

೧೩ ಅಕ್ಟೋಬರ್, ಭಾನುವಾರ

ಮಗ ಬೆಳಿಗ್ಗೆ ಬಂದ. ಎತ್ತರ. ತುಂಬ ನಗುತ್ತಾನೆ. ಮಧ್ಯಾಹ್ನದ ಊಟಕ್ಕೆ ಹುರಿದ ಬಾತುಕೋಳಿ, ಕೊನೆಗೆ ಹಳೆಯ ಚೀಸು, ಅಕ್ರೋಟು, ಅದರ ಜೊತೆಗೆ ಪೋರ್ಟ್. ದೊರೆ ಆರು ತಿಂಗಳಿಂದ ಯೋಚಿಸಿದ ಜೋಡಿ. ನನ್ನನ್ನೂ ಹತ್ತಿರ ನಿಲ್ಲಿಸಿಕೊಂಡರು, ರುಚಿ ಬರೆದುಕೊಳ್ಳಲು.

ಸಾಬರು ಬಾಟಲಿ ತಂದರು. ಕಿಟಕಿಯ ಹತ್ತಿರ ಮೇಣದಬತ್ತಿ ಹಚ್ಚಿ, ಅದರ ಬೆಳಕಿಗೆ ಕುತ್ತಿಗೆ ಹಿಡಿದು, ಬಟ್ಟೆ ಕಟ್ಟಿದ ಆಲಿಕೆಯ ಮೂಲಕ ಗಾಜಿನ ಹೂಜಿಗೆ ಬಗ್ಗಿಸುವುದು ಕ್ರಮ. ರೋಜಾ ಉಪವಾಸ ಇದ್ದುದರಿಂದ ಮೂಗು ಹತ್ತಿರ ತರಲಿಲ್ಲ. ಬಗ್ಗಿಸುತ್ತ ಕೈ ನಿಂತಿತು. ಬಾಟಲಿ ಎತ್ತಿ ತಳ ನೋಡಿದರು. ಮತ್ತೆ ಬಗ್ಗಿಸಿದರು.

ಹೂಜಿಯಲ್ಲಿ ರಾಡಿ. ಕಾವೇರಿಗೆ ಹೊಸ ನೀರು ಬಂದಾಗಿನ ಬಣ್ಣ.

ಮಗ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ. ಅಪ್ಪನಿಗೆ ಮೂಗಿಲ್ಲ, ಕಣ್ಣಿದೆ. ಬಾಟಲಿ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದು ನನ್ನ ಬಾಟಲಿಯಲ್ಲ. ನನ್ನದಕ್ಕೆ ಬಿಳಿ ಗುರುತಿತ್ತು."

ಆಗ ತಿಳಿಯಿತು. ಗುರುತು ಹಾಕುವುದು ಯಾವ ಮಗ್ಗುಲು ಮೇಲೆ ಎಂದು ತಿಳಿಯಲು. ಇಪ್ಪತ್ತು ವರ್ಷದಲ್ಲಿ ಗಷ್ಟು ಕೆಳಗಿನ ಮಗ್ಗುಲಿಗೆ ಪದರವಾಗಿ ಹಿಡಿಯುತ್ತದೆ, ಅದನ್ನು ಅಲುಗಿಸಬಾರದು. ದೊರೆಯೇ ಮಗನಿಗೆ ಹೇಳುತ್ತಿದ್ದರು. ನಾನು ಉಜ್ಜಿ, ಕುಲುಕಿ, ಬಿಸಿಲಿಗಿಟ್ಟು, ಮಗ್ಗುಲು ತಿಳಿಯದೆ ಮಲಗಿಸಿದ್ದೆ.

"ರೈಟರ್, ಬೀರು ತೆಗೆದಿದ್ದೆಯಾ?"

"ಇಲ್ಲ ಸರ್."

ಗೂಟದ ಬೀಗದ ಕೈ ಒಂದೇ ಉಳಿಯಿತು. "ಮೂಗಿಲ್ಲದವನಿಗೆ ಮೋಸ ಮಾಡುವುದು ಸುಲಭ ಅಂದುಕೊಂಡೆಯಾ?" ಎಂದು ದೊರೆ ಸಾಬರನ್ನು ಕೇಳಿದರು. ನನ್ನದನ್ನು ಮಾರಿ ಕೆಟ್ಟದ್ದೊಂದನ್ನು ಇಟ್ಟಿದ್ದೀಯೆ ಎಂದರು. ಸಾಬರು ನನ್ನ ಕಡೆ ನೋಡಲೇ ಇಲ್ಲ. "ಮಾಫ್ ಮಾಡಿ ದೊರೆ" ಎಂದರು. ಅಷ್ಟೇ.

ಚೌಡಯ್ಯನೂ ಬಾಯಿ ಬಿಡಲಿಲ್ಲ. ನಾನು ಬಿಡದ್ದನ್ನು ಅವನು ಹೇಗೆ ಬಿಟ್ಟಾನು.

೧೪ ಅಕ್ಟೋಬರ್

ಚಿಟ್ಟಿ ಬರೆಸಿದರು. ಬಟ್ಲರ್‌ಗಳು ಒಂದು ಬಂಗಲೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತೋರಿಸುವ ಕಾಗದ. ದೊರೆ ಹೇಳಿದರು, ನಾನು ಟೈಪ್ ಮಾಡಿದೆ. ಮೂರು ವಾಕ್ಯ:

"ಫಕ್ರುದ್ದೀನ್ ನನ್ನಲ್ಲಿ ಹದಿನಾರು ವರ್ಷ ಅಡುಗೆ ಮಾಡಿದ್ದಾನೆ, ಒಳ್ಳೆಯ ಅಡುಗೆಯವನು. ಈತ ನಂಬಿಕೆಗೆ ಅರ್ಹನಲ್ಲ. ಬೀಗ ಹಾಕದ ಯಾವ ವಸ್ತುವನ್ನೂ ಈತನ ಹತ್ತಿರ ಬಿಡಬಾರದು."

ಒಂದು ಅಕ್ಷರ ತಪ್ಪಿಲ್ಲದೆ ಟೈಪ್ ಮಾಡಿದೆ. ದೊರೆ ಸಹಿ ಹಾಕಿದರು.

ಸಾಬರು ಟ್ರಂಕು ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ಏನ್ ಬರ್ದವ್ರೆ, ಸ್ವಲ್ಪ ಓದಿ ರೈಟ್ರೇ." ಇಂಗ್ಲಿಷ್ ಅವರಿಗೆ ಮಾತಿಗೆ ಬರುತ್ತದೆ, ಓದಲು ಬರುವುದಿಲ್ಲ.

ಮೊದಲ ವಾಕ್ಯ ಇದ್ದ ಹಾಗೆ ಓದಿದೆ. ಆಮೇಲೆ — "ಪೂರ್ತಿ ನಂಬಿಕಸ್ಥ. ಮನೆ ಬೀಗದ ಕೈಯನ್ನೇ ಕೊಟ್ಟು ಹೋಗಬಹುದು" ಎಂದು ಓದಿದೆ.

ಅವರ ಮುಖ ಅರಳಿತು. ಕಾಗದವನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಇಟ್ಟರು. "ಕೋಪದಲ್ಲಿ ಕಳಿಸಿದ್ರೂ ಹಕ್, ನಿಜಾನೇ ಬರ್ದವ್ರೆ ನೋಡಿ, ದೊಡ್ಡ ಮನುಷ್ಯ."

ಬಸ್ಸು ಬಂತು. ಹತ್ತಿದರು.

೨ ಮಾರ್ಚ್ ೧೯೪೧

ಚೌಡಯ್ಯ ಮಳವಳ್ಳಿಯಲ್ಲಿ ಸಾಬರನ್ನು ಕಂಡನಂತೆ. "ಮೈಸೂರ್ನಾಗೆ ಮೂರ್ ಬಂಗ್ಲೆ ಸುತ್ತವ್ರೆ ಬುದ್ದಿ. ಚೀಟಿ ಓದ್ಬುಟ್ಟು ಗೇಟ್ನಿಂದ್ಲೇ ವಾಪಸ್ಸು. ಯಾಕೇಂತ ಒಬ್ರೂ ಏಳಾಕಿಲ್ವಂತೆ. ನಿಮ್ಮುನ್ನ ಬಾಳ ಗ್ಯಾಪ್ನ ಮಾಡ್ಕಂಡ್ರು."

೯ ಸೆಪ್ಟೆಂಬರ್

ಸಾಬರು ಕೊಡಗಿನ ಕಾಫಿ ತೋಟಕ್ಕೂ ಹೋಗಿದ್ದರಂತೆ. ಅಲ್ಲಿಂದಲೂ ವಾಪಸು.

ಬರೆಯಲು ಬೇರೆ ಏನೂ ಇಲ್ಲ. ಹೊಸ ಬಟ್ಲರಿಗೆ ಮೂಗಿಲ್ಲ. ಮದೀರಾ ಏನೆನ್ನಿಸುತ್ತದೆ ಎಂದರೆ "ಚೆನ್ನಾಗೈತೆ" ಎನ್ನುತ್ತಾನೆ.

೨೧ ಮಾರ್ಚ್ ೧೯೪೨

ಸಿಂಗಪುರ ಬಿದ್ದಾಗ ಅಲ್ಲಿದ್ದ ದೊರೆಯ ಮಗನ ಸುಳಿವಿಲ್ಲವೆಂದು ತಂತಿ. ದೊರೆ ಟಿಪ್ಪಣಿಯ ಪುಸ್ತಕ ಮುಚ್ಚಿಸಿದರು. ಉಳಿದ ಬಾಟಲಿಗಳನ್ನು ಯಾರಿಗೋ ಕೊಟ್ಟುಬಿಟ್ಟರು.

ಆ ಹುಡುಗ ಇಪ್ಪತ್ತೊಂದಕ್ಕೆ ಕುಡಿದದ್ದು ರಾಡಿ.

೧೧ ಮಾರ್ಚ್ ೧೯೪೭

ಐದು ವರ್ಷ ಈ ದಿನಚರಿ ತೆಗೆದಿರಲಿಲ್ಲ.

ದೊರೆ ಊರಿಗೆ ಹೊರಟರು. ಬೆನ್ನು ಬಾಗಿದೆ. ಟಿಪ್ಪಣಿಗಳನ್ನು ನನಗೇ ಕೊಟ್ಟರು. ಇಂಥ ಹೊತ್ತಿಗಾದರೂ ಎಂದು ಬಾಯಿ ತೆಗೆದೆ. "ಸರ್, ಆ ಪೋರ್ಟ್ ಬಾಟಲಿ..."

"ಯಾವ ಬಾಟಲಿ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. "ಏನಿಲ್ಲ ಸರ್" ಎಂದೆ. ಕಾರು ಹೋಯಿತು.

೨೦ ಜುಲೈ ೧೯೪೭, ಭಾನುವಾರ

ಈಗ ಮಂಡ್ಯದಲ್ಲಿ ಗುಮಾಸ್ತೆ. ಮದ್ದೂರಿಗೆ ನೆಂಟರ ಮನೆಗೆ ಹೋಗಿದ್ದೆ. ಸ್ಟೇಷನ್ನಿನ ಹೊರಗೆ ತಗಡಿನ ಟೀ ಅಂಗಡಿ. ಗಡ್ಡ ಪೂರ್ತಿ ಬಿಳಿ. ಆದರೂ ಕೆಟಲಿನ ಹೊಗೆಗೆ ಮೂಗು ಚಾಚಿ ನಿಂತ ರೀತಿ ನೋಡಿ ಗುರುತು ಹಿಡಿದೆ. ತಿರುಗಿ ಹೋಗೋಣವೆಂದು ಎರಡು ಹೆಜ್ಜೆ ಇಟ್ಟಿದ್ದೆ.

"ಅರೆ, ರೈಟ್ರೇ! ನಮ್ ನಾಲ್ಗೆ ಬಂತು ನೋಡ್ಲಾ!" ಎಂದು ಪಕ್ಕದ ಅಂಗಡಿಯವನಿಗೆ ಕೂಗಿದರು.

ಬೆಂಚಿನ ಮೇಲೆ ಕೂರಿಸಿದರು. ತಮ್ಮ ಅಂಗಡಿಯ ಖೀಮಾ ಸಮೋಸ ನನಗೆ ಆಗುವುದಿಲ್ಲವೆಂದು ಎದುರಿನ ಹೋಟೆಲಿನಿಂದ ವಡೆ ತರಿಸಿದರು. "ಷೆರಿ ಇಲ್ಲ. ಟೀ ಐತೆ. ನುಂಗ್ಬೋದು, ಉಗುಳ್ಬೇಡಿ."

ನಗಲು ಆಗಲಿಲ್ಲ. ಅವರೇ ಮಾತು ತೆಗೆದರು.

"ಆವತ್ತು ಬಾಟ್ಲಿ ಎತ್ತಿ ತಳ ನೋಡಿದ್ನಲ್ಲ, ನೆನಪೈತಾ? ತಳದಲ್ಲಿ ಒಂದ್ ಗುಳಿ ಇರ್ತದೆ. ಅದ್ರಲ್ಲಿ ಕುಂಕುಮ, ಎತ್ತಿಟ್ಟೋರ ಬೆರಳಿಂದು."

ಟೀ ಗ್ಲಾಸು ಕೆಳಗಿಟ್ಟೆ.

"ಗೊತ್ತಿತ್ತೇ? ಹಾಗಿದ್ದರೆ ಯಾಕೆ..."

"ನನ್ಗೇನು, ಸಾಬಿ ಬಟ್ಲರ್, ಇನ್ನೊಂದ್ ಬಂಗ್ಲೆ ಸಿಗ್ತಿತ್ತು. ನೀವು ಲಿಂಗ ಕಟ್ಟಿದೋರು. ವೈನ್ ಬಾಟ್ಲಿಗೆ ಪೂಜೆ ಮಾಡಿದ್ರು, ಬಾಯಿಗೂ ಹಾಕ್ತಿದ್ರು ಅಂತ ಮಳವಳ್ಳಿಗೆ ಗೊತ್ತಾಗಿದ್ರೆ? ನಿಮ್ಮನೆಯೋರು ಬಾವಿ ನೋಡ್ಕೊಳ್ತಿದ್ರು." ನಕ್ಕರು. "ಬುಡಿ ಅದನ್ನ. ನೀವೇನ್ ಸುಮ್ನಿದ್ರಾ? ದೊರೆ ಅಷ್ಟು ಕೋಪದಲ್ಲಿದ್ರೂ ಚಿಟ್ಟಿಯಲ್ಲಿ ಒಳ್ಳೇದೇ ಬರೆಸಿದ್ರಿ. ಅದು ನಿಮ್ಮ ಕೆಲ್ಸಾಂತ ನಂಗೆ ಬಸ್ಸಲ್ಲೇ ಹೊಳೀತು. ಲೆವೆಲ್ ಆಯ್ತು."

ಡಬ್ಬದಿಂದ ಹಸಿರು ಬಟ್ಟೆಯ ಚೀಲ ತೆಗೆದರು. ಕುಲ್ಸುಮ್ ಬೀಬಿ ಹೊಲಿದದ್ದು. ಒಳಗೆ ಚಿಟ್ಟಿ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವುದರಲ್ಲಿದೆ.

"ಇದಿದ್ರೂ ಯಾಕೋ ಕೆಲ್ಸ ಹತ್ಲಿಲ್ಲ. ಲಡಾಯಿ ಟೈಮು, ಗೋರಾಗಳು ಹೊರಡೋ ಟೈಮು, ನಸೀಬು. ಈಗ ಬೆಂಗ್ಳೂರಲ್ಲಿ ದೊಡ್ಡ ಹೋಟ್ಲು, ಹಳೇ ಬಟ್ಲರ್‌ಗಳು ಬೇಕಂತೆ. ಗುರುವಾರ ಬರೋಕೆ ಹೇಳವ್ರೆ. ಇದನ್ನ ಹೊಸಾ ಕಾಗದಕ್ಕೆ ಟೈಪ್ ಮಾಡ್ಕೊಡಿ ರೈಟ್ರೇ. ಹರಕು ಚಿಟ್ಟಿ ಹಿಡ್ಕೊಂಡು ಹೋದ್ರೆ ಚೆನ್ನಾಗಿರಲ್ಲ. ಈ ಸಲ ಆಗ್ಲಿಲ್ಲಾಂದ್ರೆ ಇನ್ಯಾರನ್ನೂ ಕೇಳಲ್ಲ. ಮೂಗೂ ಹೋಗ್ತಾ ಐತೆ."

ಈಸಿಕೊಂಡೆ. ಬುಧವಾರ ತರುತ್ತೇನೆಂದೆ. ಬರುವಾಗ ಶಿವಪುರದ ಹತ್ತಿರ ಇದ್ದಿಲಿನಿಂದ ಓಡುವ ಬಸ್ಸು ಕೆಟ್ಟು ನಿಂತಿತು. ಮುಕ್ಕಾಲು ಗಂಟೆ ರಸ್ತೆಯಲ್ಲಿ. ಚೀಲ ಜೇಬಿನಲ್ಲಿ. ಲವಂಗದ ವಾಸನೆ ಅದಕ್ಕೆ.

೨೧ ಜುಲೈ

ಕಚೇರಿಯ ಟೈಪ್‌ರೈಟರಿನಲ್ಲಿ ಹೊಸ ಚಿಟ್ಟಿ. ಅವತ್ತು ಗೇಟಿನ ಹತ್ತಿರ ಓದಿದ್ದನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಚೆನ್ನಾಗಿ ಬಂತು. ದೊರೆಯ ಮಾತಿನ ಧಾಟಿಯೇ. ಸಹಿಯನ್ನು ಬೇರೆ ಹಾಳೆಯಲ್ಲಿ ಅಭ್ಯಾಸ ಮಾಡಿದೆ. ಮೂರನೆಯ ಸಲಕ್ಕೆ ಹಾಗೆಯೇ ಬಂತು.

ಮಂಗಳಮ್ಮನಿಗೆ ಎಲ್ಲ ಹೇಳಿದೆ. ಟಾನಿಕ್ಕಿನಿಂದ ಹಿಡಿದು. ನೆನೆಸಿದ ಅವರೆಕಾಳು ಹಿಸುಕುತ್ತಲೇ ಕೇಳಿದಳು.

"ನಂಗೆ ಆವತ್ತೇ ಗೊತ್ತಿತ್ತು, ಟಾನಿಕ್ ಅಲ್ಲ ಅಂತ" ಎಂದಳು. ಆಮೇಲೆ, "ಆ ಹೊಸ್ದನ್ನ ಕೊಟ್ಬುಡಿ. ಆ ಪುಣ್ಯಾತ್ಮಂಗೆ ಬೇಕಿರೋದು ಕೆಲ್ಸ. ನಿಮ್ ನಿಜ ಇಟ್ಕಂಡು ಅವ್ರೇನ್ ಮಾಡ್ತಾರೆ? ನಿಮ್ಗೆ ಹಗುರಾಗ್ಲಿ ಅಂತ ಅವ್ರ ಎದೆ ಒಡೀತೀರಾ?"

ಹೊಸ ಚಿಟ್ಟಿಯನ್ನು ಮಡಿಸಿ ಹಸಿರು ಚೀಲದ ಪಕ್ಕ ಇಟ್ಟೆ.

೨೨ ಜುಲೈ, ಬೆಳಿಗ್ಗೆ

ಹೋಟೆಲಿನವರು ದೊರೆಗೆ ಬರೆದು ಕೇಳಿದರೆ? ವಿಳಾಸ ಚಿಟ್ಟಿಯ ತಲೆಯಲ್ಲೇ ಇರಬೇಕು. ಅಲ್ಲಿಂದ ಕಾಗದ ಬಂದರೆ ಪೊಲೀಸರು ಹಿಡಿಯುವುದು ಯಾರನ್ನು? ಚಿಟ್ಟಿ ಸಿಕ್ಕುವುದು ಯಾರ ಜೇಬಿನಲ್ಲಿ? ಒಮ್ಮೆ ನನ್ನ ತಪ್ಪನ್ನು ಅವರ ಜೇಬಿಗೆ ಹಾಕಿ ಕಳಿಸಿದ್ದೇನೆ. ಏಳು ವರ್ಷ ಅದನ್ನು ಗೇಟಿನಿಂದ ಗೇಟಿಗೆ ಹೊತ್ತರು, ರೇಷ್ಮೆ ದಾರದಲ್ಲಿ ಹೊಲಿದ ಚೀಲದಲ್ಲಿ.

ಹೊಸ ಚಿಟ್ಟಿಯನ್ನೂ ಸಹಿಯ ಹಾಳೆಯನ್ನೂ ಒಲೆಗೆ ಹಾಕಿದೆ. ಮಂಗಳಮ್ಮ ನೋಡಿದಳು.

೨೨ ಜುಲೈ, ಸಂಜೆ ಆರು

ನನ್ನ ಹೆಸರಿನಲ್ಲೇ ಟೈಪ್ ಮಾಡಿದೆ. ಅರ್ಧ ಪುಟ. ಬೀರು ತೆಗೆದದ್ದು ನಾನು, ಗುರುತು ಉಜ್ಜಿದ್ದು ನಾನು, "ಇಲ್ಲ ಸರ್" ಎಂದದ್ದು ನಾನು. ಈತ ಕದ್ದಿಲ್ಲ. ಕೆಳಗೆ ಸಹಿ: ಮರಿಸಿದ್ದಯ್ಯ, ಗುಮಾಸ್ತೆ, ಮಂಡ್ಯ. ಜೊತೆಗೆ ಆ ಹಳೆಯ ಟಿಪ್ಪಣಿಗಳು. ನೇರಳೆ, ಮೆಟ್ಟಿನ ಅಂಗಡಿ, ಬೆಲ್ಲದ ಗುಡಾಣ. ಇಂಥ ಮೂಗು ಯಾವ ಹೋಟೆಲಿನಲ್ಲಿದೆ, ತೋರಿಸಲಿ. ಗುಮಾಸ್ತೆಯ ಕಾಗದಕ್ಕೆ ಬೆಲೆ ಇರುತ್ತದೋ ಇಲ್ಲವೋ. ಅದಕ್ಕೇ ಗುರುವಾರಕ್ಕೂ ಸೇರಿಸಿ ಎರಡು ದಿನ ರಜೆ ಬರೆದಿದ್ದೇನೆ. ಸಾಬರು ಬನ್ನಿ ಎಂದರೆ ನಾನೂ ಬೆಂಗಳೂರಿಗೆ ಹೋಗಿ ಎದುರು ನಿಂತು ಹೇಳುವುದು. ಬೇಡ, ನಿನ್ನ ಮುಖ ತೋರಿಸಬೇಡ ಎಂದರೆ ಕಾಗದ ಕೊಟ್ಟು ಬರುವುದು. ಊರಿಗೆ ಗೊತ್ತಾಗುತ್ತದೆ. ಆಗಲಿ.

ನಾಳೆ ಏಳೂವರೆ ಬಸ್ಸು. ಮಂಗಳಮ್ಮ ಒಬ್ಬಟ್ಟು ಮಾಡಿ ಡಬ್ಬಕ್ಕೆ ಹಾಕಿದ್ದಾಳೆ, ಸಾಬರಿಗೆ.

ಮೊದಲು ನನ್ನ ಕಾಗದವಲ್ಲ. ಮೊದಲು ಚಿಟ್ಟಿ. ಅದೇ ಬೆಂಚಿನ ಮೇಲೆ ಕೂತು, ಬಿಡದೆ, ಸೇರಿಸದೆ, ಮೂರೂ ವಾಕ್ಯ. ಮೊದಲನೆಯದಕ್ಕೆ ಅವರು ತಲೆದೂಗುತ್ತಾರೆ. ಬಾಯಿಪಾಠವಾಗಿದೆ ಅವರಿಗೆ. ಎರಡನೆಯದಕ್ಕೆ ಬಂದಾಗ ಕಾಗದದ ಮೇಲೆ ಕಣ್ಣಿಟ್ಟುಕೊಳ್ಳದೆ, ಅವರ ಮುಖ ನೋಡಿಕೊಂಡೇ ಓದುವುದು.